ಅಗ್ಗದ ಅನ್‌ಲಾಕ್ಡ್ ಫೋನ್ ಈಗಲೂ ಲಾಭವೇ?

ಹೊಸ ಫೋನ್ ಕೊಳ್ಳಬೇಕು ಅಂತಿರುವವರ ತಲೆ ಕೆಡಿಸುವ ಎರಡು ಸುದ್ದಿಗಳು ಹೆಚ್ಚು ಕಡಿಮೆ ಒಟ್ಟಿಗೇ ಬಂದವು. ಮೊದಲನೆಯದು ಮೆಮೊರಿ ಚಿಪ್‌ಗಳದ್ದು. 2025ರ ಕೊನೆಯ ಹೊತ್ತಿಗೆ ಅವುಗಳ ಬೆಲೆ ಜೋರಾಗಿ ಏರಿತು. ಇನ್ನು ಫೋನುಗಳೂ ದುಬಾರಿಯಾಗುತ್ತವೆ, ಅದರಲ್ಲೂ ಅಗ್ಗದ ಫೋನುಗಳಿಗೇ ಪೆಟ್ಟು ಜಾಸ್ತಿ ಎಂದು ಮಾರುಕಟ್ಟೆ ಬಲ್ಲವರು ಹೇಳತೊಡಗಿದರು. ಎರಡನೆಯದು ಅಮೆರಿಕದ್ದು. 2026ರ ಜನವರಿಯಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ, ವೆರೈಜನ್ ಎಂಬ ಮೊಬೈಲ್ ಆಪರೇಟರ್ ಕಂಪನಿಗೆ ಒಂದು ವಿನಾಯಿತಿ ಕೊಟ್ಟಿತು. ಮಾರಿದ ಫೋನನ್ನು 60 ದಿನಗಳ ನಂತರ ಅನ್‌ಲಾಕ್ ಮಾಡಲೇಬೇಕು, ಅಂದರೆ ಬೇರೆ ಆಪರೇಟರ್‌ನ ಸಿಮ್ಮಿಗೂ ತೆರೆಯಲೇಬೇಕು ಎಂಬ ಷರತ್ತು ಆ ಕಂಪನಿಗೆ ಈಗಿಲ್ಲ.

ಮೊದಲ ಸುದ್ದಿ ಕೇಳಿದರೆ ಅಗ್ಗದ ಫೋನಿನ ಕಾಲ ಮುಗಿಯಿತೇನೋ ಅನ್ನಿಸುತ್ತದೆ. ಎರಡನೆಯದನ್ನು ಕೇಳಿದರೆ ಪೂರ್ತಿ ದುಡ್ಡು ಕೊಟ್ಟು, ಯಾರ ಹಂಗೂ ಇಲ್ಲದ ಫೋನ್ ಕೊಳ್ಳುವುದೇ ಜಾಣತನ ಅನ್ನಿಸುತ್ತದೆ. ಒಂದೇ ಸಲಕ್ಕೆ ಪೂರ್ತಿ ದುಡ್ಡು ಅಂದರೆ ಹೆಚ್ಚಿನವರ ಕೈಗೆ ಎಟುಕುವುದು ಅಗ್ಗದ ಫೋನೇ ಅಲ್ವಾ? ಗೊಂದಲ ಹುಟ್ಟುವುದು ಇಲ್ಲಿಯೇ.

ಬೀಗ ಹಾಕಿದ್ದು ಯಾರು, ಯಾಕೆ?

ಅನ್‌ಲಾಕ್ಡ್ ಫೋನ್ ಅಂದರೆ ಯಾವ ಆಪರೇಟರ್‌ನ ಸಿಮ್ ಹಾಕಿದರೂ ಕೆಲಸ ಮಾಡುವ ಫೋನ್. ಲಾಕ್ ಆದ ಫೋನು ಅದನ್ನು ಮಾರಿದ ಆಪರೇಟರ್‌ನ ಸಿಮ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಇದರಲ್ಲಿ ತಾಂತ್ರಿಕ ಅಗತ್ಯ ಏನೂ ಇಲ್ಲ. ಇದು ಶುದ್ಧ ವ್ಯಾಪಾರದ ಏರ್ಪಾಡು. ಆಪರೇಟರ್ ಫೋನಿನ ಬೆಲೆಯ ದೊಡ್ಡ ಪಾಲನ್ನು ತಾನು ಹಾಕಿಕೊಂಡು ಗ್ರಾಹಕನಿಗೆ ಕಡಿಮೆ ಬೆಲೆಗೆ ಕೊಡುತ್ತದೆ. ಹಾಕಿದ ದುಡ್ಡು ತಿಂಗಳ ಬಿಲ್ಲಿನಲ್ಲಿ ವಾಪಸ್ ಬರಬೇಕು. ಅಲ್ಲಿಯವರೆಗೆ ಗ್ರಾಹಕ ಬೇರೆ ಕಡೆ ಹೋಗದಂತೆ ತಡೆಯುವುದು ಈ ಬೀಗದ ಕೆಲಸ. 2007ರಲ್ಲಿ ಮೊದಲ ಐಫೋನ್ ಬಂದಾಗ ಅಮೆರಿಕದಲ್ಲಿ ಅದು ಎಟಿ ಅಂಡ್ ಟಿ ಎಂಬ ಆಪರೇಟರ್‌ನಲ್ಲಿ ಮಾತ್ರ ಸಿಗುತ್ತಿತ್ತು. ಅದರ ಜೊತೆಗೆ ಎರಡು ವರ್ಷದ ಒಪ್ಪಂದಕ್ಕೂ ಸಹಿ ಹಾಕಬೇಕಿತ್ತು.

ಈ ಪದ್ಧತಿಗೆ ಹಲವು ದೇಶಗಳು ಕಡಿವಾಣ ಹಾಕಿವೆ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ ಫೋನುಗಳನ್ನು ಅನ್‌ಲಾಕ್ ಮಾಡಿಯೇ ಮಾರಬೇಕು. ಜಪಾನಿನಲ್ಲಿ 2021ರ ಅಕ್ಟೋಬರ್‌ನಲ್ಲಿ, ಬ್ರಿಟನ್ನಿನಲ್ಲಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಥದ್ದೇ ನಿಯಮ ಬಂತು. ಅಮೆರಿಕ ಈಗ ಎದುರು ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ವೆರೈಜನ್ ಮೇಲಿದ್ದ ಷರತ್ತಿನ ಬೇರು 2008ರ ತರಂಗಾಂತರ ಹರಾಜಿನಲ್ಲಿತ್ತು. ಪ್ರತಿಸ್ಪರ್ಧಿಗಳಿಗೆ ಅಷ್ಟೇ ಬಿಗಿಯಾದ ಷರತ್ತು ಇರಲಿಲ್ಲ.

ವೆರೈಜನ್ ವಾದ ಸರಳ. ಕಡಿಮೆ ಬೆಲೆಗೆ ಫೋನ್ ಪಡೆದು, ಎರಡು ತಿಂಗಳು ಕಾದು, ಅನ್‌ಲಾಕ್ ಆದ ಮೇಲೆ ಹೊರದೇಶಕ್ಕೆ ಸಾಗಿಸುವ ಜಾಲಗಳಿವೆ. ಆ ನಷ್ಟದಿಂದ ಕೊನೆಗೆ ರಿಯಾಯಿತಿಯೇ ಕಡಿಮೆಯಾಗುತ್ತದೆ. ಗ್ರಾಹಕ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಬೀಗ ಗಟ್ಟಿಯಾದಷ್ಟೂ ಆಪರೇಟರ್ ಬದಲಿಸುವುದು ಕಷ್ಟ, ಪೈಪೋಟಿ ಇಳಿದರೆ ದರ ಏರುತ್ತದೆ ಎನ್ನುವುದು ಅವರ ಮಾತು. ವಂಚನೆ ಇದೆ ಎನ್ನುವುದು ಸುಳ್ಳಲ್ಲ. ಆದರೆ ಬೀಗವನ್ನೇ ನಿಷೇಧಿಸಿದ ದೇಶಗಳಲ್ಲೂ ಆಪರೇಟರ್‌ಗಳು ಕಂತಿನ ಮೇಲೆ ಫೋನ್ ಮಾರುತ್ತಲೇ ಇದ್ದಾರೆ. ಹಾಗಾಗಿ ಬೀಗವಿಲ್ಲದೆ ವ್ಯಾಪಾರವೇ ನಡೆಯದು ಎಂಬ ವಾದಕ್ಕೆ ಅಷ್ಟು ತೂಕವಿಲ್ಲ.

ಅಂದಹಾಗೆ, ಬೂಟ್‌ಲೋಡರ್ ಅನ್‌ಲಾಕ್ ಮಾಡುವುದು ಬೇರೆಯೇ ವಿಷಯ. ಅದು ಫೋನಿನಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲು ಬೇಕಾದ ಅನುಮತಿ. ಆ ಹುಚ್ಚು ಇಲ್ಲದವರು ಅದರ ತಂಟೆಗೆ ಹೋಗಬೇಕಿಲ್ಲ.

ಪುಕ್ಕಟೆ ಫೋನಿನ ಅಸಲಿ ಬೆಲೆ

ಈಗಿನ ಒಪ್ಪಂದಗಳು ಹಳೆಯವಕ್ಕಿಂತ ನಯವಾಗಿವೆ. "ಹಳೆ ಫೋನ್ ಕೊಡಿ, ಹೊಸ ಫ್ಲ್ಯಾಗ್‌ಶಿಪ್ ಉಚಿತವಾಗಿ ಒಯ್ಯಿರಿ" ಎನ್ನುವ ಜಾಹೀರಾತುಗಳ ಸಣ್ಣ ಅಕ್ಷರಗಳನ್ನು ಓದಿದರೆ ವಿಷಯ ತಿಳಿಯುತ್ತದೆ. (ಫ್ಲ್ಯಾಗ್‌ಶಿಪ್ ಅಂದರೆ ಕಂಪನಿಯ ಮೇಲ್ಮಟ್ಟದ, ದುಬಾರಿ ಫೋನ್.) ರಿಯಾಯಿತಿ ಒಂದೇ ಸಲ ಸಿಗುವುದಿಲ್ಲ. ಅದನ್ನು 24 ಅಥವಾ 36 ತಿಂಗಳಿಗೆ ಹಂಚಿ, ಪ್ರತಿ ತಿಂಗಳ ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪ ಕಳೆಯುತ್ತಾರೆ. ನಡುವೆ ಬಿಟ್ಟು ಹೋದರೆ ಉಳಿದ ರಿಯಾಯಿತಿ ಹೋಗುತ್ತದೆ, ಫೋನಿನ ಬಾಕಿ ಮಾತ್ರ ಉಳಿಯುತ್ತದೆ. ಜೊತೆಗೆ ಇಂಥ ಆಫರ್ ಸಾಮಾನ್ಯವಾಗಿ ಆಪರೇಟರ್‌ನ ದುಬಾರಿ ಪ್ಲಾನ್‌ಗಳಿಗೇ ಅಂಟಿಕೊಂಡಿರುತ್ತದೆ.

ಅಲ್ಲಿಗೆ ಬೆಲೆ ಎಲ್ಲಿಗೂ ಹೋಗಲಿಲ್ಲ. ಫೋನಿನ ಮೇಲಿದ್ದ ಚೀಟಿ ತಿಂಗಳ ಬಿಲ್ಲಿನ ಮೇಲೆ ಹೋಗಿ ಕೂತಿತು, ಅಷ್ಟೇ. ಹೀಗಾಗಿ ಇಂಥ ಫ್ಲ್ಯಾಗ್‌ಶಿಪ್ಪಿನ ಜೊತೆ ಅಗ್ಗದ ಅನ್‌ಲಾಕ್ಡ್ ಫೋನನ್ನು ಹೋಲಿಸುವಾಗ ಫೋನಿನ ಬೆಲೆಯನ್ನಷ್ಟೇ ನೋಡಿದರೆ ಸಾಲದು. ಮೂರು ವರ್ಷದ ಪ್ಲಾನ್ ಖರ್ಚನ್ನೂ ಎರಡೂ ಕಡೆ ಸೇರಿಸಬೇಕು. ಅನ್‌ಲಾಕ್ಡ್ ಫೋನ್ ಇರುವವನು ಸಿಮ್ ಮಾತ್ರದ ಅಗ್ಗದ ಪ್ಲಾನ್ ಹುಡುಕಿಕೊಳ್ಳಬಹುದು. ಸ್ವಂತ ಟವರ್ ಇಲ್ಲದೆ, ದೊಡ್ಡವರ ನೆಟ್‌ವರ್ಕನ್ನೇ ಬಾಡಿಗೆಗೆ ಪಡೆದು ಸೇವೆ ಕೊಡುವ ಸಣ್ಣ ಆಪರೇಟರ್‌ಗಳು ಇರುವ ದೇಶಗಳಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಹಲವು ಸಲ ಉಳಿತಾಯದ ದೊಡ್ಡ ಪಾಲು ಬರುವುದು ಫೋನಿನಿಂದಲ್ಲ, ಪ್ಲಾನಿನಿಂದ.

ವರ್ಷಕ್ಕೆ ಎಷ್ಟು ಬಿತ್ತು?

ಈಗ ಫೋನಿನ ಲೆಕ್ಕಕ್ಕೇ ಬರೋಣ. ಯಾವ ದೇಶದ ನಾಣ್ಯವೂ ಬೇಡ. ಅಗ್ಗದ ಫೋನಿನ ಬೆಲೆ 1 ಪಾಲು, ಫ್ಲ್ಯಾಗ್‌ಶಿಪ್ಪಿನದು 4 ಪಾಲು ಅಂತಿಟ್ಟುಕೊಳ್ಳಿ. ಅಗ್ಗದ್ದು ಮೂರು ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ಖರ್ಚು ಸುಮಾರು 0.33 ಪಾಲು. ಫ್ಲ್ಯಾಗ್‌ಶಿಪ್ ಏಳು ವರ್ಷ ಬಾಳಿದರೂ ವರ್ಷಕ್ಕೆ 0.57 ಪಾಲು. ಎರಡೂ ಸರಿಸಮ ಆಗಬೇಕಾದರೆ ಫ್ಲ್ಯಾಗ್‌ಶಿಪ್ಪನ್ನು 12 ವರ್ಷ ಬಳಸಬೇಕು. ಅಷ್ಟು ವರ್ಷ ಯಾವ ಕಂಪನಿಯೂ ಅದಕ್ಕೆ ಅಪ್‌ಡೇಟ್ ಕೊಡುವುದಿಲ್ಲ.

ಇದಕ್ಕೆ ಸಿಗುವ ಉತ್ತರ ಗೊತ್ತಿದ್ದದ್ದೇ: "ಫ್ಲ್ಯಾಗ್‌ಶಿಪ್ಪಿಗೆ ಮರುಮಾರಾಟದ ಬೆಲೆ ಇದೆಯಲ್ಲ?" ಇದೆ, ಅದರಲ್ಲೂ ಐಫೋನಿಗೆ ಆಂಡ್ರಾಯ್ಡ್ ಫೋನುಗಳಿಗಿಂತ ಜಾಸ್ತಿ. ಆದರೆ ಎರಡು ವರ್ಷ ಬಳಸಿ ಅರ್ಧ ಬೆಲೆಗೆ ಮಾರಿದರೂ ಕಳೆದುಕೊಂಡದ್ದು 2 ಪಾಲು. ಆ ಸವಕಳಿಯ ದುಡ್ಡಿನಲ್ಲೇ ಎರಡು ಹೊಸ ಅಗ್ಗದ ಫೋನುಗಳು ಬರುತ್ತಿದ್ದವು. ಶೇಕಡಾವಾರಿನಲ್ಲಿ ಅಗ್ಗದ ಫೋನು ಬೇಗ ಬೆಲೆ ಕಳೆದುಕೊಳ್ಳುತ್ತದೆ ನಿಜ. ಜೇಬಿನಿಂದ ಹೋಗುವ ದುಡ್ಡಿನಲ್ಲಿ ನೋಡಿದರೆ ಕಡಿಮೆ ಕಳೆದುಕೊಳ್ಳುವುದೂ ಅದೇ.

ಬರೀ ಅಂಕಿ ನೋಡಿದರೆ ಅಗ್ಗದ ಫೋನು ಸುಲಭವಾಗಿ ಗೆಲ್ಲುತ್ತದೆ. ಹಾಗಿದ್ದರೂ ಅದನ್ನು ಕೊಂಡ ಎಷ್ಟೋ ಜನ ಎರಡನೇ ವರ್ಷಕ್ಕೇ ಯಾಕೆ ಬೈಯಲು ಶುರು ಮಾಡುತ್ತಾರೆ?

ಕಾಣದ ಜಾಗದಲ್ಲಿ ಕತ್ತರಿ

2013ರ ನವೆಂಬರ್‌ನಲ್ಲಿ ಮೊಟೊರೋಲಾ ತನ್ನ ಮೊದಲ ಮೊಟೊ ಜಿ ತಂದಿತು. 179 ಡಾಲರಿನ ಅನ್‌ಲಾಕ್ಡ್ ಫೋನ್. ರ‍್ಯಾಮ್ ಅಂದರೆ ಆ್ಯಪ್‌ಗಳು ಓಡುವಾಗ ಬಳಸುವ ಮೆಮೊರಿ ಬರೀ 1 ಜಿಬಿ, ಆದರೂ ಅಗ್ಗದ ಫೋನ್ ಅಂದರೆ ತಡವರಿಸುವ ಫೋನ್ ಎಂಬ ನಂಬಿಕೆಯನ್ನು ಅದು ಒಡೆಯಿತು. ಆಗ ಅಗ್ಗದ ಫೋನಿಗೂ ದುಬಾರಿ ಫೋನಿಗೂ ಇದ್ದ ಅಂತರ ಕಣ್ಣಿಗೇ ಕಾಣುತ್ತಿತ್ತು. ಪರದೆ ಮಂಕು, ದೇಹ ದಪ್ಪ, ಕ್ಯಾಮೆರಾ ಸುಮಾರು.

ಈಗ ಆ ಅಂತರ ಹಾಗೆ ಕಾಣುವುದಿಲ್ಲ. ಅಗ್ಗದ ಫೋನಿನಲ್ಲೂ ದೊಡ್ಡ ಪರದೆ ಇದೆ, ಚಿತ್ರ ಸರಾಗವಾಗಿ ಸರಿಯುವಂತೆ ಮಾಡುವ 120 ಹರ್ಟ್ಜ್ ಇದೆ, ಇಡೀ ದಿನ ಬರುವ ಬ್ಯಾಟರಿ ಇದೆ. ಎಷ್ಟೋ ಸಲ ಫ್ಲ್ಯಾಗ್‌ಶಿಪ್ಪಿಗಿಂತ ದೊಡ್ಡ ಬ್ಯಾಟರಿಯೇ ಇರುತ್ತದೆ. ಕಂಪನಿಗಳು ಈಗ ಖರ್ಚು ಕಡಿಮೆ ಮಾಡುವುದು ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿದರೆ ತಿಳಿಯದ ಜಾಗಗಳಲ್ಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಟೋರೇಜ್. ಡಬ್ಬಿಯ ಮೇಲೆ 128 ಜಿಬಿ ಎಂದು ಬರೆದಿರುತ್ತದೆ. ಅದು ಯುಎಫ್‌ಎಸ್ ಮಾದರಿಯೋ, ಹಳೆಯ ಇಎಂಎಂಸಿ ಮಾದರಿಯೋ ಎಂಬುದನ್ನು ದೊಡ್ಡದಾಗಿ ಬರೆದಿರುವುದಿಲ್ಲ. ಇಎಂಎಂಸಿ ಒಂದು ಹೊತ್ತಿಗೆ ಓದುವ ಅಥವಾ ಬರೆಯುವ ಕೆಲಸದಲ್ಲಿ ಒಂದನ್ನೇ ಮಾಡಬಲ್ಲದು. ಯುಎಫ್‌ಎಸ್ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಹೊಸದರಲ್ಲಿ ಎರಡೂ ಚೆನ್ನಾಗಿಯೇ ಓಡುತ್ತವೆ. ಫೋಟೋ, ವಿಡಿಯೋ ತುಂಬಿ, ಹಿಂದೆ ಹತ್ತು ಆ್ಯಪ್‌ಗಳು ಒಟ್ಟಿಗೇ ಅಪ್‌ಡೇಟ್ ಆಗತೊಡಗಿದಾಗ ಇಎಂಎಂಸಿ ಏದುಸಿರು ಬಿಡುತ್ತದೆ. "ಫೋನ್ ಹಳೇದಾಯ್ತು, ಸ್ಲೋ ಆಯ್ತು" ಎಂದು ದೂರುವವರಲ್ಲಿ ಹಲವರ ಸಮಸ್ಯೆ ಪ್ರೊಸೆಸರ್ ಅಲ್ಲ, ಇದು.

ಆಮೇಲೆ "ವರ್ಚುವಲ್ ರ‍್ಯಾಮ್". 4 ಜಿಬಿ ರ‍್ಯಾಮಿನ ಫೋನನ್ನು "8 ಜಿಬಿವರೆಗೆ" ಎಂದು ಮಾರುವುದು. ಆ ಹೆಚ್ಚಿನ 4 ಜಿಬಿ ಸ್ಟೋರೇಜಿನಿಂದ ಕಡ ತಂದದ್ದು, ವೇಗದಲ್ಲಿ ನಿಜವಾದ ರ‍್ಯಾಮಿನ ಹತ್ತಿರಕ್ಕೂ ಬರುವುದಿಲ್ಲ. ಹಿಂಬದಿಯಲ್ಲಿ ಮೂರು ಲೆನ್ಸ್ ಕಾಣಿಸಲಿ ಅಂತ ಸುಮ್ನೆ ಕೂರಿಸಿದ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ, ಡೆಪ್ತ್ ಕ್ಯಾಮೆರಾಗಳ ಬಗ್ಗೆ ಹೇಳದಿರುವುದೇ ಒಳ್ಳೆಯದು. ಕೆಲವು ಫೋನುಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ, ಅಂದರೆ ಫೋನ್ ತಾಗಿಸಿ ದುಡ್ಡು ಕೊಡಲಾಗದು. ಕೆಲವಕ್ಕೆ ವಿಡಿಯೋ ನಕಲು ತಡೆಯುವ ವ್ಯವಸ್ಥೆಯಾದ ವೈಡ್‌ವೈನ್‌ನ ಎಲ್1 ಮಾನ್ಯತೆ ಇಲ್ಲ. ಆಗ ಪರದೆ ಎಷ್ಟೇ ಚೆನ್ನಾಗಿದ್ದರೂ ಸ್ಟ್ರೀಮಿಂಗ್ ಆ್ಯಪ್‌ಗಳು ಎಚ್‌ಡಿ ಗುಣಮಟ್ಟದ ಸಿನಿಮಾ ಕೊಡುವುದಿಲ್ಲ.

ಹಾಗಾದರೆ ನಾಲ್ಕು ಪಟ್ಟು ಕೊಟ್ಟವನಿಗೆ ಸಿಗುವುದೇನು? ಮುಖ್ಯವಾಗಿ ಕ್ಯಾಮೆರಾ. ದೊಡ್ಡ ಸೆನ್ಸರ್ ಜಾಸ್ತಿ ಬೆಳಕು ಹಿಡಿಯುತ್ತದೆ, ಕೈ ನಡುಗಿದರೂ ಲೆನ್ಸ್ ತಾನೇ ಸರಿದೂಗಿಸುತ್ತದೆ, ದೂರದ ದೃಶ್ಯಕ್ಕೆ ಬೇರೆ ಲೆನ್ಸ್ ಇರುತ್ತದೆ. ಹಗಲಿನ ಫೋಟೋದಲ್ಲಿ ವ್ಯತ್ಯಾಸ ಕಡಿಮೆ. ರಾತ್ರಿ, ಓಡಾಡುವ ಮಗು, ವಿಡಿಯೋ — ಈ ಮೂರರಲ್ಲಿ ಅಗ್ಗದ ಫೋನು ಸೋಲುತ್ತದೆ. ಜೊತೆಗೆ ನೀರು ತಡೆಯುವ ಗಟ್ಟಿ ದೇಹ, ಭಾರಿ ಗೇಮುಗಳನ್ನು ಎಳೆಯುವ ಚಿಪ್. ಇವೆಲ್ಲ ನಿಜವಾದ ಅನುಕೂಲಗಳೇ. ಆದರೆ ಕರೆ, ಮೆಸೇಜು, ಮ್ಯಾಪು, ಬ್ಯಾಂಕ್ ಕೆಲಸ, ವಿಡಿಯೋ ನೋಡುವುದು ಇಷ್ಟೇ ಬೇಕಾದವನು ಫ್ಲ್ಯಾಗ್‌ಶಿಪ್ ಚಿಪ್ಪಿನ ಶಕ್ತಿಯನ್ನು ಮುಟ್ಟುವುದೂ ಇಲ್ಲ.

ಫೋನಿನ ಆಯಸ್ಸು ಬರೆಯುವವರು

ಮೇಲಿನ ಲೆಕ್ಕದಲ್ಲಿ ಅಗ್ಗದ ಫೋನಿಗೆ ಮೂರು ವರ್ಷ ಕೊಟ್ಟಿದ್ದು ಸುಮ್ಮನೆ ಅಲ್ಲ. ಬಹುಕಾಲ ಅವುಗಳ ಗತಿ ಅಷ್ಟೇ ಆಗಿತ್ತು. ಗಾಜು ಒಡೆದು ಸತ್ತದ್ದಕ್ಕಿಂತ ಅಪ್‌ಡೇಟ್ ನಿಂತು ಮೂಲೆಗೆ ಬಿದ್ದದ್ದೇ ಹೆಚ್ಚು. ಭದ್ರತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಗೊತ್ತಿರುವ ತೂತುಗಳು ತೆರೆದೇ ಇರುತ್ತವೆ. ಕೆಲವು ವರ್ಷ ಕಳೆದರೆ ಬ್ಯಾಂಕ್ ಆ್ಯಪ್‌ಗಳು ಹಳೆಯ ಆಂಡ್ರಾಯ್ಡ್ ಆವೃತ್ತಿಯನ್ನು ಒಪ್ಪುವುದನ್ನೇ ನಿಲ್ಲಿಸುತ್ತವೆ.

ಅಪ್‌ಡೇಟ್ ಯಾಕೆ ನಿಲ್ಲುತ್ತದೆ? ಆಂಡ್ರಾಯ್ಡ್ ಹೊಸ ಆವೃತ್ತಿಯನ್ನು ಗೂಗಲ್ ಮಾಡುತ್ತದೆ. ಅದು ಒಂದು ಫೋನಿನಲ್ಲಿ ಓಡಬೇಕಾದರೆ ಆ ಫೋನಿನ ಚಿಪ್ ಮಾಡಿದ ಕಂಪನಿ ತನ್ನ ಕಡೆಯ ಸಾಫ್ಟ್‌ವೇರನ್ನು ಅದಕ್ಕೆ ಹೊಂದಿಸಬೇಕು. ಆಮೇಲೆ ಫೋನ್ ಕಂಪನಿ ತನ್ನ ಬದಲಾವಣೆಗಳನ್ನು ಸೇರಿಸಿ ಪರೀಕ್ಷೆ ಮಾಡಬೇಕು. ಪ್ರತಿ ಹಂತಕ್ಕೂ ಖರ್ಚಿದೆ. ಅಗ್ಗದ ಫೋನಿನಲ್ಲಿ ಉಳಿಯುವ ಲಾಭ ಅಷ್ಟಕ್ಕಷ್ಟೇ, ಅದೂ ಮಾರಿದ ದಿನವೇ ಮುಗಿದುಹೋಗಿರುತ್ತದೆ. ನಾಲ್ಕು ವರ್ಷ ಹಳೆಯ ಫೋನಿಗೆ ಅಪ್‌ಡೇಟ್ ಕೊಟ್ಟರೆ ಕಂಪನಿಗೆ ಹೊಸ ಆದಾಯ ಬಾರದು, ಹೊಸ ಫೋನಿನ ಮಾರಾಟ ಬೇರೆ ತಪ್ಪುತ್ತದೆ. 2017ರಲ್ಲಿ ಗೂಗಲ್ ಪ್ರಾಜೆಕ್ಟ್ ಟ್ರೆಬಲ್ ಎಂಬ ಬದಲಾವಣೆ ತಂದು ಈ ಕೆಲಸವನ್ನು ಸ್ವಲ್ಪ ಹಗುರ ಮಾಡಿತು. ಆದರೂ ಕೊಡಬೇಕೆಂಬ ಮನಸ್ಸು ಬರಲು ಇನ್ನೂ ವರ್ಷಗಳೇ ಹಿಡಿದವು.

2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷದ ಅಪ್‌ಡೇಟ್ ಭರವಸೆ ಕೊಟ್ಟಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಕ್ಕೆ ಅಷ್ಟೇ ಕೊಟ್ಟಿತು. ಇವೆಲ್ಲ ದುಬಾರಿ ಫೋನುಗಳು, ಸರಿ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಸುದ್ದಿ ಸದ್ದಿಲ್ಲದೆ ಬಂತು: ಅದೇ ವರ್ಷ ಸ್ಯಾಮ್‌ಸಂಗ್ ತನ್ನ ಕೆಳಮಟ್ಟದ ಗ್ಯಾಲಕ್ಸಿ ಎ16ಕ್ಕೆ ಆರು ವರ್ಷದ ಅಪ್‌ಡೇಟ್ ಘೋಷಿಸಿತು. ಪಿಕ್ಸೆಲ್ 8ರ ಅಗ್ಗದ ರೂಪವಾದ ಪಿಕ್ಸೆಲ್ 8ಎಗೂ ಏಳು ವರ್ಷ ಸಿಕ್ಕಿತು. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಹೊಸ ನಿಯಮ ಜಾರಿಯಾಗಿದೆ. ಅಲ್ಲಿ ಮಾರುವ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗುವಂತಿರಬೇಕು. ಬಿಡಿಭಾಗಗಳು ಏಳು ವರ್ಷ ಸಿಗಬೇಕು. 800 ಸಲ ಚಾರ್ಜ್ ಆದ ಮೇಲೂ ಬ್ಯಾಟರಿಯಲ್ಲಿ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕು.

ಲೆಕ್ಕಕ್ಕೆ ವಾಪಸ್ ಹೋಗಿ. 1 ಪಾಲಿನ ಫೋನ್ ಆರು ವರ್ಷ ಬಾಳಿದರೆ ವರ್ಷಕ್ಕೆ 0.17 ಪಾಲು. ನಡುವೆ ಒಂದು ಸಲ ಬ್ಯಾಟರಿ ಬದಲಿಸಿದರೂ ಫ್ಲ್ಯಾಗ್‌ಶಿಪ್ ಹತ್ತಿರ ಸುಳಿಯಲಾರದು. ಆದರೆ ಇಲ್ಲೊಂದು ಕೊಕ್ಕೆ ಇದೆ. ಆರು ವರ್ಷದ ಅಪ್‌ಡೇಟ್ ಬರುವುದು ಬೇರೆ, ಆರನೇ ವರ್ಷದ ಸಾಫ್ಟ್‌ವೇರನ್ನು 4 ಜಿಬಿ ರ‍್ಯಾಮ್ ಹೊರುವುದು ಬೇರೆ. ಮೆಮೊರಿ ಕಥೆ ಬಂದು ಸೇರುವುದು ಈ ಜಾಗದಲ್ಲಿ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಜಗತ್ತಿನ ಡಿರ‍್ಯಾಮ್ ಮೆಮೊರಿಯ (ಫೋನಿನ ರ‍್ಯಾಮ್ ಆಗುವುದು ಇದೇ) ಬಹುಪಾಲನ್ನು ಮೂರೇ ಕಂಪನಿಗಳು ಮಾಡುತ್ತವೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳ ಚಿಪ್‌ಗಳಿಗೆ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಬೇಕು. ಅದರಲ್ಲಿ ಲಾಭ ಜಾಸ್ತಿ. ಅದಕ್ಕೆ ಜಾಗವೂ ಜಾಸ್ತಿ ಬೇಕು. ಒಂದು ಜಿಬಿ ಎಚ್‌ಬಿಎಂ ಮಾಡಲು ಖರ್ಚಾಗುವ ಸಿಲಿಕಾನ್ ಬಿಲ್ಲೆಯಲ್ಲಿ ಸುಮಾರು ಮೂರು ಜಿಬಿ ಸಾಮಾನ್ಯ ಮೆಮೊರಿ ಮಾಡಬಹುದು. ಕಾರ್ಖಾನೆ ಆ ಕಡೆ ತಿರುಗಿದಷ್ಟೂ ಫೋನು, ಕಂಪ್ಯೂಟರಿಗೆ ಸಿಗುವ ಮೆಮೊರಿ ಒಂದಕ್ಕೆ ಮೂರರಂತೆ ಕಡಿಮೆಯಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಹಳೆಯ ಗ್ರಾಹಕ ಬ್ರ್ಯಾಂಡ್ ಕ್ರೂಶಿಯಲ್ ಅನ್ನೇ ಮುಚ್ಚುವುದಾಗಿ ಹೇಳಿತು. ಹೊಸ ಕಾರ್ಖಾನೆ ಕಟ್ಟಿ ಮುಗಿಸಲು ವರ್ಷಗಳು ಬೇಕು. ಹಾಗಾಗಿ ಈ ಕೊರತೆ ಬೇಗ ತೀರುವಂಥದ್ದಲ್ಲ.

ಜ್ವರ ಡೇಟಾ ಸೆಂಟರಿನದು, ಬರೆ ಬೀಳುವುದು ಅಗ್ಗದ ಫೋನಿಗೆ. ಹೇಗೆ ಅಂತ ನೋಡಿ. ಅಗ್ಗದ ಫೋನಿನ ಬಿಡಿಭಾಗಗಳ ಖರ್ಚಿನಲ್ಲಿ ಮೆಮೊರಿಯದು ಐದನೇ ಒಂದು ಪಾಲು, ಫ್ಲ್ಯಾಗ್‌ಶಿಪ್ಪಿನಲ್ಲಿ ಹತ್ತನೇ ಒಂದು ಪಾಲು ಅಂತಿಟ್ಟುಕೊಳ್ಳೋಣ. ಮೆಮೊರಿ ಬೆಲೆ ದುಪ್ಪಟ್ಟಾದರೆ ಅಗ್ಗದ ಫೋನಿನ ಖರ್ಚು ಶೇ 20ರಷ್ಟು ಏರುತ್ತದೆ, ಫ್ಲ್ಯಾಗ್‌ಶಿಪ್ಪಿನದು ಶೇ 10. ಫ್ಲ್ಯಾಗ್‌ಶಿಪ್ಪಿನ ದಪ್ಪ ಲಾಭದಲ್ಲಿ ಆ ಹತ್ತನ್ನು ನುಂಗಿಕೊಳ್ಳಬಹುದು. ಅಗ್ಗದ ಫೋನಿನಲ್ಲಿ ನುಂಗಲು ಲಾಭವೇ ಇಲ್ಲ. ಸಾಲದ್ದಕ್ಕೆ ಅಗ್ಗದ ಫೋನುಗಳು ಬಳಸುವ ಎಲ್‌ಪಿಡಿಡಿಆರ್4ಎಕ್ಸ್ ಎಂಬ ಹಳೆಯ ತಲೆಮಾರಿನ ಮೆಮೊರಿಯನ್ನು ದೊಡ್ಡ ಕಂಪನಿಗಳು ಕೈಬಿಡುತ್ತಾ ಬಂದಿವೆ.

ಇದರ ಪರಿಣಾಮವಾಗಿ ಫೋನ್ ಕಂಪನಿಗಳ ಮುಂದೆ ಎರಡೇ ದಾರಿ. ಬೆಲೆ ಏರಿಸುವುದು, ಇಲ್ಲವೇ ಅದೇ ಬೆಲೆಗೆ ಕಡಿಮೆ ಕೊಡುವುದು. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಕಳೆದ ವರ್ಷ 6 ಜಿಬಿ ಇದ್ದ ಮಾದರಿಯ ಹೊಸ ಆವೃತ್ತಿ 4 ಜಿಬಿಯಲ್ಲಿ ಬರಬಹುದು. ಹಳೆಯ ಚಿಪ್ಪೇ ಹೊಸ ಹೆಸರಿನಲ್ಲಿ ಬರಬಹುದು. ಹೊರಗಡೆ ಬಣ್ಣ ಮಾತ್ರ ಹೊಸದು. ಇಂಥ ಫೋನಿಗೆ ಆರು ವರ್ಷದ ಭರವಸೆ ಕೊಟ್ಟರೂ ಮೂರನೇ ವರ್ಷಕ್ಕೇ ಅದು ಬಳಸುವವರ ತಾಳ್ಮೆ ಪರೀಕ್ಷಿಸುತ್ತದೆ.

ಫೋನಿನಲ್ಲೇ ಓಡುವ ಎಐ ಸೌಲಭ್ಯಗಳಿಗೂ ಜಾಸ್ತಿ ರ‍್ಯಾಮ್ ಬೇಕು. ಆ್ಯಪಲ್ ಕಂಪನಿಯ ಇಂಥ ಸೌಲಭ್ಯವಾದ ಆ್ಯಪಲ್ ಇಂಟೆಲಿಜೆನ್ಸ್ 8 ಜಿಬಿಯ ಐಫೋನ್ 15 ಪ್ರೊಗೆ ಸಿಕ್ಕಿತು, 6 ಜಿಬಿಯ ಐಫೋನ್ 15ಕ್ಕೆ ಸಿಗಲಿಲ್ಲ. ಇದನ್ನು ತೋರಿಸಿ ಇನ್ನು ಫ್ಲ್ಯಾಗ್‌ಶಿಪ್ಪೇ ಬೇಕು ಎನ್ನುವವರಿದ್ದಾರೆ. ಆದರೆ ಜನ ದಿನಾ ಬಳಸುವ ಎಐ ಚಾಟ್ ಸೇವೆಗಳ ಕೆಲಸವೆಲ್ಲ ನಡೆಯುವುದು ದೂರದ ಸರ್ವರಿನಲ್ಲಿ. ಅವಕ್ಕೆ ಇಂಟರ್ನೆಟ್ ಇದ್ದರೆ ಸಾಕು, ಅಗ್ಗದ ಫೋನಿನಲ್ಲೂ ಅಷ್ಟೇ ಚೆನ್ನಾಗಿ ಉತ್ತರ ಬರುತ್ತದೆ.

ಗೆಲ್ಲುವ ಮೆಟ್ಟಿಲು ಬದಲಾಗಿದೆ

ಹೀಗಾಗಿ ಅಗ್ಗದ ಫೋನ್ ಗೆಲ್ಲುತ್ತದೆ ಎಂಬ ಲೆಕ್ಕ ಈಗಲೂ ಸರಿ, ಆದರೆ ಯಾವ ಅಗ್ಗದ ಫೋನ್ ಎನ್ನುವುದು ಬದಲಾಗಿದೆ. ತೀರಾ ಕೆಳಗಿನ ಮೆಟ್ಟಿಲಿನಲ್ಲಿ ಈಗ ಮೋಸ ಹೋಗುವ ಸಾಧ್ಯತೆ ಮೊದಲಿಗಿಂತ ಜಾಸ್ತಿ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ನಿಜವಾದ 8 ಜಿಬಿ ರ‍್ಯಾಮ್, ಯುಎಫ್‌ಎಸ್ ಸ್ಟೋರೇಜ್, ಬರೆದು ಕೊಟ್ಟ ಐದಾರು ವರ್ಷದ ಅಪ್‌ಡೇಟ್ ಇರುವ ಫೋನ್ 1 ಪಾಲಿನ ಬದಲು ಒಂದೂವರೆ ಪಾಲು ಬೆಲೆಗೆ ಸಿಕ್ಕರೂ ಆರು ವರ್ಷಕ್ಕೆ ಹಂಚಿದಾಗ ವರ್ಷಕ್ಕೆ 0.25 ಪಾಲು ಬೀಳುತ್ತದೆ. ಮೂರು ವರ್ಷದಲ್ಲಿ ಮೂಲೆ ಸೇರುವ ಅಗ್ಗದ ಫೋನಿಗಿಂತ ಅದು ಕಡಿಮೆ.

ಹಿಂದಿನ ವರ್ಷದ ಫ್ಲ್ಯಾಗ್‌ಶಿಪ್ಪನ್ನು ಅನ್‌ಲಾಕ್ಡ್ ಆಗಿ, ಸರಿಪಡಿಸಿ ಮಾರುವವರಿಂದ ಕೊಳ್ಳುವುದು ಇನ್ನೊಂದು ದಾರಿ. ಮೊದಲ ವರ್ಷದ ದೊಡ್ಡ ಸವಕಳಿಯನ್ನು ಬೇರೆ ಯಾರೋ ಭರಿಸಿರುತ್ತಾರೆ, ಏಳು ವರ್ಷದ ಅಪ್‌ಡೇಟಿನಲ್ಲಿ ಆರು ವರ್ಷ ಇನ್ನೂ ಉಳಿದಿರುತ್ತದೆ. ಕೊಳ್ಳುವ ಮೊದಲು ಕಂತು ಬಾಕಿ ಇಲ್ಲ, ಬೀಗ ನಿಜಕ್ಕೂ ತೆಗೆದಿದೆ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಕಂತು ಕಟ್ಟದೆ ಬಿಟ್ಟ ಫೋನುಗಳನ್ನು ಆಪರೇಟರ್‌ಗಳು ಕಪ್ಪುಪಟ್ಟಿಗೆ ಸೇರಿಸುತ್ತಾರೆ.

ಅನ್‌ಲಾಕ್ಡ್ ಅಂದ ಮಾತ್ರಕ್ಕೆ ಎಲ್ಲ ಕಡೆ ನಡೆಯುತ್ತದೆ ಎಂದೂ ಅಲ್ಲ. ಪ್ರತಿ ದೇಶದ 4ಜಿ, 5ಜಿ ಬ್ಯಾಂಡುಗಳು, ಅಂದರೆ ಸಿಗ್ನಲ್ ಬರುವ ತರಂಗಾಂತರಗಳು ಬೇರೆ ಬೇರೆ. ಅಗ್ಗದ ಫೋನುಗಳಲ್ಲಿ ಅವು ಕಡಿಮೆ ಇರುತ್ತವೆ. ಒಂದು ಮಾರುಕಟ್ಟೆಗಾಗಿ ಮಾಡಿದ ಫೋನು ಇನ್ನೊಂದು ಕಡೆ ಸಿಗ್ನಲ್ಲಿಗೆ ಪರದಾಡಬಹುದು. 2024ರ ಅಕ್ಟೋಬರ್ ಕೊನೆಯಲ್ಲಿ ಆಸ್ಟ್ರೇಲಿಯಾ 3ಜಿ ನಿಲ್ಲಿಸಿದಾಗ, 4ಜಿ ಮೂಲಕ ತುರ್ತು ಕರೆ ಮಾಡಲಾಗದ ಫೋನುಗಳನ್ನು ನೆಟ್‌ವರ್ಕಿನಿಂದಲೇ ಹೊರಗಿಡಬೇಕೆಂದು ನಿಯಮ ಮಾಡಲಾಯಿತು. 4ಜಿ ಇಂಟರ್ನೆಟ್ ಚೆನ್ನಾಗಿ ಬರುತ್ತಿದ್ದ, ಹೊರಗಿನಿಂದ ತಂದ ಕೆಲವು ಫೋನುಗಳೂ ಆ ಬಲೆಗೆ ಬಿದ್ದವು.

ಮುಂದಿನ ಒಂದೆರಡು ವರ್ಷ ಜನ ಇರುವ ಫೋನನ್ನೇ ಇನ್ನಷ್ಟು ಕಾಲ ಇಟ್ಟುಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾದರೆ ಎರಡನೇ ಕೈ ಮಾರುಕಟ್ಟೆಗೆ ಬರುವ ಒಳ್ಳೆಯ ಫೋನುಗಳು ಕಡಿಮೆಯಾಗಿ, ಅಲ್ಲೂ ಬೆಲೆ ಏರುತ್ತದೆ. ಹೊಸ ಫೋನ್ ದುಬಾರಿಯಾದಷ್ಟೂ ಆಪರೇಟರ್‌ಗಳ ಕಂತಿನ ಆಫರ್ ಮೊದಲಿಗಿಂತ ಆಕರ್ಷಕವಾಗಿ ಕಾಣುತ್ತದೆ. ಬೀಗದ ನಿಯಮ ಸಡಿಲಾದ ದೇಶಗಳಲ್ಲಿ ಈ ಎರಡೂ ಸೇರಿದರೆ, ಮೂರು ವರ್ಷದ ಬಿಲ್ಲು ಕೂಡಿ ನೋಡದೆ ಸಹಿ ಹಾಕುವವರ ಸಂಖ್ಯೆ ಹೆಚ್ಚಾಗುತ್ತದೆ.